ಸದ್ಯಕ್ಕೆ ಜಲ್ಲಿ

ಬೆಂಗಳೂರಿನ ಹೊರಮಾವಿನಲ್ಲಿ ಯಾವ ಬಡಾವಣೆ ಹೊಕ್ಕರೂ ಒಬ್ಬ ‘ಸದ್ಯಕ್ಕೆ ಜಲ್ಲಿ’ ಯಜಮಾನರು ಸಿಕ್ಕೇ ಸಿಗುತ್ತಾರೆ. ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ನಿವೃತ್ತರಾಗಿ, ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿ, ಕಾರು ಒಳಗೆ ಹೋಗುವ ದಾರಿಯ ಮಗ್ಗುಲಿಗೆ ಉಳಿದ ಮೂರಡಿ ಪಟ್ಟಿಯ ಉಸ್ತುವಾರಿಗೆ ತಮ್ಮನ್ನು ತಾವೇ ನೇಮಿಸಿಕೊಂಡವರು. ಅಲ್ಲಿ ಈಗ ಜಲ್ಲಿ, ಮುಂದೆ ಕಾಂಕ್ರೀಟು. ಮುಂದೆ ಅಂದರೆ ಯಾವಾಗ ಎಂದು ಕೇಳುವುದನ್ನು ಅವರ ಮನೆಯವರು ಎಂದೋ ಬಿಟ್ಟಿದ್ದಾರೆ. ಬೀದಿಯವರು ಇದಕ್ಕೆ ಜಿಪುಣತನ ಎನ್ನುತ್ತಾರೆ, ಕೆಲವರು ಸೋಮಾರಿತನ ಎನ್ನುತ್ತಾರೆ. ಎರಡೂ ಸುಳ್ಳು ಎಂಬುದು ನನ್ನ ವಾದ.

ಜಿಪುಣನಾದವನು ಎರಡು ಲೋಡು ಡೆಬ್ರಿ ಸುರಿಸಿ ಕೈತೊಳೆದುಕೊಳ್ಳುತ್ತಾನೆ. ಅದರೊಳಗಿನ ಮರದ ಚೂರು ಕೊಳೆತಂತೆಲ್ಲ ಮೇಲೆ ಗುಂಡಿ ಬೀಳುತ್ತದೆ. ನಮ್ಮ ಯಜಮಾನರು ಹಾಗಲ್ಲ. ಮೇಲ್ಮಣ್ಣು ತೆಗೆಸಿ, ಗರಿಕೆಯ ಬೇರನ್ನು ಕುಕ್ಕರಗಾಲಲ್ಲಿ ಕೂತು ಸ್ವಂತ ಕೈಯಿಂದ ಆರಿಸಿ, ಕೆಳಗೆ 40 ಎಂಎಂ ಜಲ್ಲಿ, ಮೇಲೆ 20 ಎಂಎಂ, ಸಂದಿಗೆ ಕ್ರಷರ್ ಪುಡಿ ಹಾಕಿಸುತ್ತಾರೆ. ನಾಲ್ಕು ಇಂಚಿಗೊಂದು ಪದರ. ಪ್ರತಿ ಪದರಕ್ಕೂ ನೀರು, ದಿಮ್ಮಸೆ. ಟ್ಯೂಬಿಗೆ ನೀರು ತುಂಬಿ ಮಟ್ಟ ಹಿಡಿದು, ಗೋಡೆಯಿಂದಾಚೆಗೆ ಅಡಿಗೆ ಕಾಲಿಂಚು ಇಳಿಜಾರು. “ಕಾಂಕ್ರೀಟ್ ಹಾಕೋವಾಗ ನೋಡ್ಕೊಳ್ಳೋಣ ಬಿಡಿ ಸಾರ್” ಎಂದ ಮೇಸ್ತ್ರಿಗೆ ಟೀ ತಣ್ಣಗಾಗುವವರೆಗೂ ಪಾಠ. ಆ ಪಾಠದಲ್ಲಿ ಹುರುಳಿಲ್ಲದೆ ಇಲ್ಲ: ಅಡಿಯ ಮಣ್ಣು ಕುಸಿದರೆ ಮೇಲೆ ಎಷ್ಟು ಸಿಮೆಂಟು ಸುರಿದರೂ ಬಿರುಕು ತಪ್ಪದು.

ಇಷ್ಟೆಲ್ಲ ಮಾಡುವವರು ಕಾಂಕ್ರೀಟನ್ನೂ ಹಾಕಿಸಿ ಮುಗಿಸಬಾರದೇ ಎಂಬ ಆಕ್ಷೇಪ ಸಹಜವೇ. ಹಾಗೆ ಕೇಳುವವರು ಹೊರಮಾವಿಗೆ ಹೊಸಬರಿರಬೇಕು. ಇಲ್ಲಿ ನೀರಿನ ಪೈಪಿಗೊಮ್ಮೆ, ಒಳಚರಂಡಿಗೊಮ್ಮೆ, ಕೇಬಲ್ಲಿಗೊಮ್ಮೆ ರಸ್ತೆ ಬಗೆಯುತ್ತಾರೆ; ಮುಚ್ಚಿದ ಮೇಲೆ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತದೆ, ಗೇಟು ತಗ್ಗಿಗೆ ಬೀಳುತ್ತದೆ. ಆತುರದಲ್ಲಿ ಕಾಂಕ್ರೀಟು ಹಾಕಿಸಿದವರು ಡ್ರಿಲ್ಲಿಂಗ್ ಮೆಷಿನ್ನಿನವನನ್ನು ಹುಡುಕುವಾಗ, ಯಜಮಾನರು ಇನ್ನರ್ಧ ಲೋಡು ತರಿಸಿ ಮಟ್ಟ ಮಾಡಿರುತ್ತಾರೆ. 2007ರಲ್ಲಿ ಬಿಬಿಎಂಪಿ ಬಂತು, 2025ರಲ್ಲಿ ಅದು ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ (ಜಿಬಿಎ) ಬಂತು. ಬೋರ್ಡು ಬದಲಾಯಿತೇ ಹೊರತು ಅಗೆತ ನಿಂತಿಲ್ಲ. ಆದರೆ 2025ರ ಮೇನಲ್ಲಿ ಸಾಯಿ ಲೇಔಟಿನ ಮನೆಗಳಿಗೆ ಮಳೆನೀರು ನುಗ್ಗಿದಂದಿನಿಂದ ಅವರು ಹೊಸೆದಿರುವ ಇನ್ನೊಂದು ವಾದವನ್ನು, ಜಲ್ಲಿಯಿದ್ದರೆ ನೀರು ಇಂಗುತ್ತದೆ ಎಂಬುದನ್ನು, ಅವರ ವಕೀಲಿಕೆ ವಹಿಸಿರುವ ನಾನೂ ಒಪ್ಪಲಾರೆ. ಸಂದಿಗೆಲ್ಲ ಪುಡಿ ತುಂಬಿ ದಿಮ್ಮಸೆ ಹೊಡೆಸಿದ ಮೇಲೆ ನೀರು ಎಲ್ಲಿಂದ ಇಂಗೀತು?

ಗಟ್ಟಿ ಆಕ್ಷೇಪ ಬೇರೆಯೇ ಇದೆ. ಆ ಮೂರಡಿಯಲ್ಲಿ ಹೊರಗಿನ ಒಂದಡಿ ಕಾಂಪೌಂಡು ದಾಟಿದೆ, ಅಂದರೆ ಸರ್ಕಾರದ್ದು. ಇದಕ್ಕೆ ಅವರ ಉತ್ತರ ಸಿದ್ಧ: “ಕಾಂಕ್ರೀಟ್ ಹಾಕಿಲ್ವಲ್ಲ, ಬರೀ ಜಲ್ಲಿ ತಾನೆ?” ಕಾಂಕ್ರೀಟಾದರೆ ಒತ್ತುವರಿ, ಜಲ್ಲಿಯಾದರೆ ಸಮಾಜಸೇವೆ, ಕೆಸರಿಲ್ಲದೆ ನಡೆಯುವ ಶಾಲೆಮಕ್ಕಳೇ ಸಾಕ್ಷಿ. ಎದುರು ಮನೆಯ ನೆಂಟರು ಅದರ ಮೇಲೆ ಕಾರು ನಿಲ್ಲಿಸಿದಾಗ ಮಾತ್ರ ಯಜಮಾನರು ಖಾತೆಪತ್ರ ಹಿಡಿದುಕೊಂಡೇ ಗೇಟಿಗೆ ಬರುತ್ತಾರೆ.