ಒಂದ್ಸಲ ನೋಡಬಹುದು

ಸಿನಿಮಾ ಹೇಗಿದೆ ಅಂತ ಕೇಳಿದಾಗ ‘ಒಂದ್ಸಲ ನೋಡಬಹುದು’ ಅನ್ನುವವರನ್ನು ನಂಬಬೇಡಿ. ಅವರು ಪೂರ್ತಿ ನೋಡಿರುವುದೇ ಅನುಮಾನ. ಎರಡನೇ ಸಲ ನೋಡ್ತೀನಿ ಅಂತ ನಾವೇನು ಹರಕೆ ಹೊತ್ತಿದ್ದೆವೇ? ‘ಫಸ್ಟ್ ಹಾಫ್ ಸ್ವಲ್ಪ ಲ್ಯಾಗು, ಸೆಕೆಂಡ್ ಹಾಫ್ ಪರವಾಗಿಲ್ಲ’ ಅನ್ನುವುದೂ ಅದೇ ಜಾತಿಯ ಮಾತು. ಅದನ್ನು 1954ರ ‘ಬೇಡರ ಕಣ್ಣಪ್ಪ’ನಿಗೂ ಹೇಳಬಹುದು, 2022ರ ‘ಕಾಂತಾರ’ಕ್ಕೂ ಹೇಳಬಹುದು.

ಕಾಂಪೌಂಡಿನ ಆಚೆಮನೆ ರಾಯರಿಗೆ ಈ ವಿಷಯದಲ್ಲಿ ಒಂದು ಕಟ್ಟುನಿಟ್ಟಿದೆ. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು, ಉದ್ದುದ್ದ ತೀರ್ಪುಗಳನ್ನು ನೋಡಿ ನೋಡಿ ಸಾಕಾದವರು. “ಚಿತ್ರದ ಹೆಸರು ಮುಚ್ಚಿಡಿ ಸ್ವಾಮಿ. ತೀರ್ಪು ಓದಿದ್ರೆ ಯಾವ ಚಿತ್ರ ಅಂತ ತಿಳೀಬೇಕು. ತಿಳೀಲಿಲ್ವೋ, ವಜಾ!” ಅನ್ನುತ್ತಾರೆ.

ಸರಿ, ಪರೀಕ್ಷೆ ಮಾಡೋಣ ಅಂತ ಕೆಣಕಿದೆ. ಮೊದಲಿಗೆ ಪತ್ತೇದಾರಿ.

“ಬಾಂಡ್ ತರಾನೇ ಸೂಟು, ಬಾಂಡ್ ತರಾನೇ ಪಿಸ್ತೂಲು. ಆದ್ರೆ ಮುಖ ನೋಡಿದ್ರೆ ಅಮ್ಮನಿಗೆ ಹೇಳದೆ ಮನೆ ಬಿಡೋ ಹುಡುಗ ಅಲ್ಲ.”

ಇದು ‘ಜೇಡರ ಬಲೆ’ ಅಂತ ಹೇಳಲು ಪಂಡಿತರು ಬೇಕಿಲ್ಲ. 1968ರಲ್ಲಿ ದೊರೈ-ಭಗವಾನ್ ಜೋಡಿ ರಾಜಕುಮಾರರನ್ನು ಸಿ.ಐ.ಡಿ. 999 ಮಾಡಿದ್ದು. ರಾಯರ ಮಾತು ಟೀಕೆಯೋ ಮೆಚ್ಚುಗೆಯೋ ಅಂತ ಕೇಳಿದೆ. ಎರಡೂ ಅಂದರು.

ದೆವ್ವದ ಚಿತ್ರ? “ದೆವ್ವ ತೋರಿಸ್ತೀವಿ ಅಂತ ಕರ್ಕೊಂಡು ಹೋಗಿ ಮನಶ್ಶಾಸ್ತ್ರದ ಪಾಠ ಮಾಡಿ ಕಳಿಸಿದ್ರು.” ‘ಆಪ್ತಮಿತ್ರ’, ಪಾಸು. ಬ್ಯಾಂಕ್ ದರೋಡೆ? “ಒಂದು ಹಾಡೂ ಇಲ್ಲ, ನಡುವೆ ಎದ್ದು ಹೋಗಿ ಬರೋಣ ಅಂದ್ರೆ ಸಂದರ್ಭಾನೇ ಸಿಗಲಿಲ್ಲ.” ‘ನಿಷ್ಕರ್ಷ’. ಸುನೀಲ್ ಕುಮಾರ್ ದೇಸಾಯಿ ಹಾಡಿಲ್ಲದೆ ಚಿತ್ರ ಮಾಡಿದ್ದನ್ನು ಪತ್ರಿಕೆಗಳಲ್ಲಿ ಸಾಹಸ ಎಂದು ಹೊಗಳಿದವರಿದ್ದಾರೆ. ಆ ಸಾಹಸದಿಂದ ಪ್ರೇಕ್ಷಕನ ದೇಹಕ್ಕೆ ಆದ ಕಷ್ಟ ಬರೆದಿಟ್ಟವರು ಇವರೊಬ್ಬರೇ ಇರಬೇಕು.

ದೇಸಾಯಿ ಹೆಸರು ಬಂದ ಮೇಲೆ ‘ಬೆಳದಿಂಗಳ ಬಾಲೆ’ ಬರಲೇಬೇಕಲ್ಲ. ರಜೆಗೆ ಬಂದಿದ್ದ ರಾಯರ ಮೊಮ್ಮಗಳು ಜಗಲಿಯಿಂದಲೇ ಕೂಗಿದಳು: “ತಾತ, ಟ್ರೂಕಾಲರ್ ಇದ್ದಿದ್ರೆ ಹತ್ತು ನಿಮಿಷದ ಪಿಕ್ಚರ್ ಅದು!”

ಹೆಸರು ಮುಚ್ಚುವ ಪರೀಕ್ಷೆಯಲ್ಲಿ ಇದಕ್ಕೆ ನೂರಕ್ಕೆ ನೂರು. ಆದರೆ ನನಗೆ ತಡೆಯಲಿಲ್ಲ, ವಾದಕ್ಕೆ ನಿಂತೆ. 1995ರ ಚಿತ್ರ. ಅನಂತ್‌ನಾಗ್ ಚೆಸ್ ಆಟಗಾರ ರೇವಂತ್. ಮುಖ ಕಾಣದ ಹುಡುಗಿಯೊಬ್ಬಳು ಫೋನ್ ಮಾಡಿ, ಸುಳಿವು ಕೊಟ್ಟು, ಹುಡುಕು ನೋಡೋಣ ಅನ್ನುತ್ತಾಳೆ. ಕೊನೆಯವರೆಗೂ ನಮಗೂ ಅವಳ ಮುಖ ತೋರಿಸುವುದಿಲ್ಲ, ದನಿಯೊಂದೇ. ರೇವಂತನಿಗೆ ಬೇಕಾಗಿದ್ದು ಅವಳ ನಂಬರಲ್ಲ ಕಣಮ್ಮ, ಹುಡುಕಾಟ. ಚೆಸ್ ಆಡುವವನಿಗೆ ಎದುರಾಳಿ ಮೊದಲೇ ರಾಜನನ್ನು ಬೋರ್ಲು ಹಾಕಿದರೆ ಏನು ಸುಖ ಅಂದೆ. “ಅಂಕಲ್, ನಾನು ಒಂದು ಲೈನ್ ಹೇಳಿದೆ. ನೀವು ಲೆಕ್ಚರ್ ಕೊಟ್ರಿ” ಅಂದಳು. ರಾಯರು ಮೊಮ್ಮಗಳ ಕಡೆಗೇ ತೀರ್ಪು ಕೊಟ್ಟರು, ಖರ್ಚು ಸಮೇತ. ಖರ್ಚು ಅಂದರೆ ನಮ್ಮ ಮರದ ಎರಡು ನಿಂಬೆಹಣ್ಣು.

ಚಿಕ್ಕ ಮಾತಿನ ಅನುಕೂಲ ಇದೇ. ಅದು ಅನ್ಯಾಯ ಮಾಡಿಯೂ ಗೆದ್ದುಬಿಡುತ್ತದೆ. ‘ಕೆಜಿಎಫ್’ ನೋಡಿ ಬಂದ ರಾಯರು ಹೇಳಿದ್ದು: “ಕೋಲಾರದ ಗಣಿಗೆ ಶಿವನಸಮುದ್ರದಿಂದ 1902ರಲ್ಲೇ ಕರೆಂಟು ಬಂದಿತ್ತು. ಇವರ್ಯಾಕೆ ಇಷ್ಟು ಕತ್ತಲಲ್ಲಿ ಒದ್ದಾಡ್ತಾರೆ?” ಚಿತ್ರದಲ್ಲಿರುವುದು ನರಾಚಿ, ಕಥೆಗೆ ಕಟ್ಟಿದ ಗಣಿ, ಅಲ್ಲಿಗೆ ಶಿವನಸಮುದ್ರದ ತಂತಿ ಯಾಕೆ ಬರಬೇಕು ಅಂತ ನಾನು ವಿವರಿಸುವಷ್ಟರಲ್ಲಿ ಅವರು ಒಳಗೆ ಹೋಗಿ ಕಾಫಿ ಕುಡಿದು ಬಂದಿದ್ದರು. ಅಷ್ಟಾದರೂ ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಟೀವಿಯಲ್ಲಿ ಆ ಚಿತ್ರ ಬಂದಾಗಲೆಲ್ಲ ಮೊದಲು ಬಲ್ಬು ಹುಡುಕುತ್ತೇನೆ.

ಹಾಗಂತ ಎಲ್ಲಾ ತೀರ್ಪೂ ನಗೆಚಾಟಿಕೆ ಅಲ್ಲ. ‘ಮುಂಗಾರು ಮಳೆ’ ಬಗ್ಗೆ ರಾಯರ ಮನೆಯವರು ಹೇಳಿದ್ದನ್ನು ಯಾವ ವಿಮರ್ಶಕನೂ ಹೇಳಲಿಲ್ಲ: “ಮದುವೆ ತಪ್ಪಿದ್ದಕ್ಕಲ್ಲ, ಮೊಲ ಸತ್ತಿದ್ದಕ್ಕೆ ಅತ್ತೆ.” ಯೋಚಿಸಿದರೆ ಯೋಗರಾಜ್ ಭಟ್ಟರ ಉಪಾಯವೇ ಅದು. ಗಣೇಶ್ ಪಟಪಟ ಮಾತಾಡಿ ನಗಿಸುತ್ತಲೇ ಇರಬೇಕು, ಅವನ ದುಃಖವನ್ನೆಲ್ಲ ದೇವದಾಸ ಎಂಬ ಆ ಮೊಲ ಹೊತ್ತುಕೊಳ್ಳಬೇಕು. ಇದನ್ನೇ ನಾನು ಬರೆದಿದ್ದರೆ ಒಂದು ಪುಟ ಬೇಕಾಗುತ್ತಿತ್ತು. ಅವರಿಗೆ ಸೊಪ್ಪು ಸೋಸುತ್ತಾ ಹೇಳುವಷ್ಟರಲ್ಲಿ ಮುಗಿಯಿತು.

‘ಗಣೇಶನ ಮದುವೆ’ಗೂ ಅವರದೊಂದು ಆಕ್ಷೇಪಣೆ ಇದೆ. “ಅದೇ ವಠಾರದಲ್ಲಿ ಇದ್ಕೊಂಡು ತಾನು ಪ್ರೀತಿಸ್ತಿರೋಳು ಯಾರು ಅಂತ ಗೊತ್ತಾಗಲ್ವಂತೆ. ವಠಾರದಲ್ಲಿ ಬಾಳಿದೋರು ನಂಬೋ ಮಾತಾ? ನಮಗೆ ಪಕ್ಕದ ಮನೆ ಒಗ್ಗರಣೆ ವಾಸನೇಲೇ ಅವತ್ತು ನೆಂಟರು ಬಂದಿದಾರೋ ಇಲ್ವೋ ತಿಳೀತಿತ್ತು.”

ಗಂಭೀರ ಚಿತ್ರಗಳ ವಿಷಯಕ್ಕೆ ಬಂದರೆ ಸರ್ಕಾರದ ತೀರ್ಪನ್ನೂ ಲೆಕ್ಕಕ್ಕೆ ಹಿಡಿಯಬೇಕು. ‘ಸಂಸ್ಕಾರ’ಕ್ಕೆ ಮದರಾಸಿನ ಸೆನ್ಸಾರ್‌ನವರು ಕೊಟ್ಟದ್ದು ಒಂದೇ ಶಬ್ದದ ವಿಮರ್ಶೆ: ಬೇಡ. ಆಮೇಲೆ ದಿಲ್ಲಿಯವರು ನಿಷೇಧ ತೆಗೆದರು. 1970ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯನ್ನೂ ಕೊಟ್ಟರು. “ಕೆಳಗಿನ ಕೋರ್ಟಿನ ಆದೇಶ ಮೇಲೆ ರದ್ದಾಗೋದು ನಮಗೇನು ಹೊಸದಾ?” ಅಂದರು ರಾಯರು. ಚಿತ್ರದ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ‘ಘಟಶ್ರಾದ್ಧ’ದ ಹೆಸರೆತ್ತಿದರೂ ಅಷ್ಟೇ. ಒಂದು ಸಾಲಿಗೆ ದಕ್ಕದ ಚಿತ್ರಗಳೂ ಇವೆ. ಅಲ್ಲಿ ಬಾಯಿ ಮುಚ್ಚಿಕೊಳ್ಳುವ ಬುದ್ಧಿ ಅವರಿಗಿದೆ, ನನಗಿಲ್ಲ.

ಕೊನೆಗೆ ‘ನಾಗರಹಾವು’. ಇದರಲ್ಲಿ ರಾಯರದು ತುಂಬ ಹಳೆಯ ತಕರಾರು: “ಮೇಷ್ಟ್ರು ತಮ್ಮ ಪಾಡಿಗೆ ಪಾಠ ಮಾಡ್ಕೊಂಡಿದ್ದಿದ್ರೆ ಎಲ್ಲರೂ ಬದುಕಿರ್ತಿದ್ರು.” ಕಥೆ ನೆನೆದರೆ ನಿಜವೇ. ಚಾಮಯ್ಯ ಮೇಷ್ಟ್ರ ಮಾತು ಕೇಳಿ ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಟ್ಟ; ಅವಳ ಬಾಳು ಹಾಳಾಯಿತು, ಅವನದೂ ಉಳಿಯಲಿಲ್ಲ. ಆದರೆ ಅಶ್ವತ್ಥ್ ಆ ಕಣ್ಣಲ್ಲಿ ನೋಡಿದರೆ ಮೇಷ್ಟ್ರ ಮೇಲೆ ಸಿಟ್ಟು ಮಾಡಿಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ?

ಆ ಚಿತ್ರದ ಮೇಲೆ ಬಂದ ಅತ್ಯಂತ ಚಿಕ್ಕ, ಅತ್ಯಂತ ವಿಷದ ತೀರ್ಪು ಮಾತ್ರ ತ.ರಾ.ಸು. ಅವರದೇ. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ಚಿತ್ರ ಮಾಡಿದರು. ಜನ ಮುಗಿಬಿದ್ದು ನೋಡಿದರು. ಕಾದಂಬರಿಕಾರರು ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಅಂದರಂತೆ. ರಾಯರಿಗೆ ಇದನ್ನು ಹೇಳುವಾಗಲೆಲ್ಲ ನ್ಯಾಯಾಧೀಶರ ಖದರು ಬರುತ್ತದೆ. “ನೋಡ್ರೀ, ಒಂದೇ ಪ್ರಾಣಿ ಬದಲಾಯಿಸಿ ಇಡೀ ಪಿಕ್ಚರ್ ಮುಗಿಸಿಬಿಟ್ರು! ಇದರ ಮೇಲೆ ಅಪೀಲಿಲ್ಲ.”

ಒಳಗಿನಿಂದ ಅವರ ಮನೆಯವರ ದನಿ ಬಂತು: “ಕೇರೆಹಾವೇ ಅಂದ್ಕೊಳ್ಳಿ. ಮದುವೆಯಾದ ಹೊಸದ್ರಲ್ಲಿ ಅದೇ ಕೇರೆಹಾವು ತೋರಿಸೋಕೆ ನನ್ನನ್ನ ನಾಲ್ಕು ಸಲ ಕರ್ಕೊಂಡು ಹೋದೋರು ಯಾರು?”