ಹಂಪಿ ಬಜಾರಿನ ಹುರಾತತ್ವ ಇಲಾಖೆ

ಪಠ್ಯ ಸಂಪಾದಕದಲ್ಲಿ ಹುಡುಕಿ ಬದಲಿಸುವ ಕೆಲಸಕ್ಕೆ ಎರಡು ದಾರಿ. ಕಡತದಲ್ಲಿ ಸಿಕ್ಕಿದ್ದನ್ನೆಲ್ಲ ಒಂದೇ ಏಟಿಗೆ ಬದಲಿಸುವುದು ಒಂದು; ಸಿಕ್ಕಲ್ಲೆಲ್ಲ ನಿಂತು ‘ಬದಲಿಸಲೇ?’ ಎಂದು ಕೇಳುವುದು ಇನ್ನೊಂದು. ಈಮ್ಯಾಕ್ಸ್, ವಿಮ್ ಎಂಬ ಸಂಪಾದಕಗಳೆರಡೂ ಹೀಗೆ ಕೇಳಬಲ್ಲವು. ‘ವೈ’ ಒತ್ತಿದರೆ ಹೌದು, ‘ಎನ್’ ಒತ್ತಿದರೆ ಬೇಡ. ಈಮ್ಯಾಕ್ಸ್‌ನಲ್ಲಿ ‘!’ ಒತ್ತಿದರೆ ‘ತಲೆ ತಿನ್ನಬೇಡ, ಉಳಿದದ್ದನ್ನೆಲ್ಲ ಬದಲಿಸು’ ಎಂದರ್ಥ. ಹುಡುಕುವುದು ಇಡೀ ಪದವೇ ಆಗಬೇಕೆಂದಿಲ್ಲ, ಅದರ ಚಹರೆ ಹೇಳಿದರೂ ಸಾಕು. ಈ ಚಹರೆಪಟ್ಟಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್, ಸಲುಗೆಯಲ್ಲಿ ರೆಜೆಕ್ಸ್, ಎಂದು ಹೆಸರು. 1950ರ ದಶಕದಲ್ಲಿ ಸ್ಟೀಫನ್ ಕ್ಲೀನಿ ಗಣಿತಕ್ಕೆಂದು ಮಾಡಿದ್ದನ್ನು 1960ರ ದಶಕದಲ್ಲಿ ಕೆನ್ ಥಾಮ್ಸನ್ ಸಂಪಾದಕಕ್ಕೆ ತಂದರು.

ಕನ್ನಡ ಅಷ್ಟು ಹೊತ್ತು ಕಾದಿರಲಿಲ್ಲ. ಸುಮಾರು 10ನೇ ಶತಮಾನದಿಂದಲೇ ಪದದ ಮೊದಲಿನ ಪಕಾರವನ್ನು ಹಕಾರ ಮಾಡುವ ಕೆಲಸಕ್ಕೆ ಕೈಹಾಕಿತ್ತು. ವಿಮ್‌ನ ಭಾಷೆಯಲ್ಲಿ ಅದನ್ನು \<ಪ ಎಂದು ಬರೆಯಬಹುದು. \< ಅಂದರೆ ಪದ ಶುರುವಾಗುವ ಜಾಗ. ‘ಪೊ’ ಎಂಬುದು ಯೂನಿಕೋಡಿನ ಲೆಕ್ಕದಲ್ಲಿ ‘ಪ’ ಮತ್ತು ಅದರ ಬೆನ್ನಿಗೆ ಒಂದು ಸ್ವರಚಿಹ್ನೆ. ಹಾಗಾಗಿ ‘ಪ’ ತೆಗೆದು ‘ಹ’ ಕೂರಿಸಿದರೆ ಪೂ ಹೂವಾಗುತ್ತದೆ, ಪೊಸತು ಹೊಸತಾಗುತ್ತದೆ, ಪಂಪೆ ಹಂಪೆಯಾಗುತ್ತದೆ. ಪಂಪೆಯ ಎರಡನೆಯ ಪಕಾರಕ್ಕೆ ಏನೂ ಆಗುವುದಿಲ್ಲ, ಅದು ನಡುವಿನದು. ವಿರೂಪಾಕ್ಷನೂ ಕಂಪ್ಲಿಯೂ ಪಾರಾದದ್ದು ಹಾಗೆಯೇ.

ಇಷ್ಟಾದರೂ ಕನ್ನಡ ‘!’ ಒತ್ತಲಿಲ್ಲ, ಕೇಳಿ ಕೇಳಿಯೇ ಮುಂದೆ ಹೋಯಿತು. ಪಕ್ಕಿ ಹಕ್ಕಿಯಾಯಿತು, ಪಕ್ಷಿ ಪಕ್ಷಿಯಾಗೇ ಉಳಿಯಿತು. ಕುಡಿಯುವ ಪಾಲು ಹಾಲಾಯಿತು, ಅಣ್ಣತಮ್ಮಂದಿರ ಪಾಲು ಪಾಲೇ ಆಗಿದೆ. ಹೊಸಪೇಟೆಯ ಓಣಿಗಳಲ್ಲಿ ಹಂಪಮ್ಮನೂ ಇದ್ದಾಳೆ, ಪಂಪಾಪತಿಯೂ ಇದ್ದಾನೆ. (ಱ ಮತ್ತು ೞ ವಿಷಯದಲ್ಲಿ ಮಾತ್ರ ಭಾಷೆ ಕಣ್ಣುಮುಚ್ಚಿ ‘!’ ಒತ್ತಿದಂತಿದೆ, ಎರಡೂ ಅಕ್ಷರಮಾಲೆಯಿಂದಲೇ ಹೋದವು.)

ಇದೇ ಆಜ್ಞೆಯನ್ನು ಇಂದಿನ ಹಂಪಿ ಬಜಾರಿನ ಬಗೆಗಿನ ಬರಹದ ಮೇಲೆ ಕೇಳದೆ ಹರಿಯಬಿಟ್ಟರೆ ಫಲಿತಾಂಶ ಬೇರೆ. ರಥಬೀದಿಯನ್ನು ಕಾಯುವುದು ಭಾರತೀಯ ಹುರಾತತ್ವ ಇಲಾಖೆ, ಅದರ ಜೊತೆಗೆ ಹೊಲೀಸರು. ತಿಂಡಿಗೆ ಹೂರಿ, ಹಲಾವು. ಗುಡಿಯಲ್ಲಿ ಹುರೋಹಿತರು ಹೂಜೆ ಮುಗಿಸಿ ಹಾನಕ ಕೊಡುತ್ತಾರೆ. ಕಂಪ್ಲಿಯಿಂದ ತಂದ ಒಂದು ಪಾವು ಅಕ್ಕಿ ಒಂದು ಹಾವು ಅಕ್ಕಿಯಾದ ಮೇಲೆ ಚೀಲ ಬಿಚ್ಚುವವರಿಲ್ಲ.

ರೆಜೆಕ್ಸ್‌ನಲ್ಲಿ ಆವರಣ ಹಾಕಿ ಹಿಡಿದ ತುಣುಕುಗಳನ್ನು \2 \1 ಎಂದು ಬರೆದು ಅದಲುಬದಲು ಮಾಡುವುದೂ ಸಾಧ್ಯ. ವಿರೂಪಾಕ್ಷ ಗುಡಿಯೊಳಗೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ಕಂಡವರಿಗೆ ಇದು ದೊಡ್ಡ ಸೋಜಿಗವಲ್ಲ.

ಈ ಸೀಮೆಯಲ್ಲಿ ‘ಬದಲಿಸಲೇ?’ ಎಂಬ ಪ್ರಶ್ನೆ ಮತ್ತೆ ಎದ್ದದ್ದು 2021ರಲ್ಲಿ, ವಿಜಯನಗರ ಜಿಲ್ಲೆ ಹುಟ್ಟಿದಾಗ. ಹಳೆಯ ಪ್ರವಾಸಿ ಕೈಪಿಡಿಗಳಲ್ಲೆಲ್ಲ ಇದ್ದದ್ದು ‘ಬಳ್ಳಾರಿ ಜಿಲ್ಲೆ’. ಹಂಪಿಯ ಮುಂದೆ ಬಂದಾಗ ‘ವೈ’, ಹೊಸಪೇಟೆಗೂ ‘ವೈ’. ಸಂಡೂರು, ಕಂಪ್ಲಿ ಬಂದಾಗ ‘ಎನ್’, ಅವೆರಡೂ ಬಳ್ಳಾರಿಯಲ್ಲೇ ಉಳಿದಿವೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂತು ಎಂಬ ವಾಕ್ಯ ಸಿಕ್ಕಾಗ ಹೊಸಪೇಟೆಯ ಅಭಿಮಾನಿಯೂ ‘ಎನ್’ ಒತ್ತಲೇಬೇಕು. ಹೊಸ ಹೆಸರನ್ನು ಹುಡುಕಿ ಹಿಂದಕ್ಕೆ ತಿದ್ದುವುದು ಇನ್ನೂ ಫಜೀತಿ: ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇರುವುದು ಬಳ್ಳಾರಿಯಲ್ಲಿ.

ಊಟದ ಹೊತ್ತಾಯಿತೆಂದು ‘!’ ಒತ್ತಿದವರು ಸಂಡೂರನ್ನು ಗಣಿಗಳ ಸಮೇತ ಪಕ್ಕದ ಜಿಲ್ಲೆಗೆ ಸಾಗಿಸಿರುತ್ತಾರೆ. ಒಂದೊಂದನ್ನೇ ಕೇಳಿಸಿಕೊಂಡು ಬಂದವರು ಅಲ್ಲಿ ತಪ್ಪಿ ‘ವೈ’ ಒತ್ತಿದ್ದರೆ, ಈಮ್ಯಾಕ್ಸ್ ಮುಂದಿನ ಪ್ರಶ್ನೆ ಕೇಳುವಾಗಲೇ ‘ಯು’ ಒತ್ತಿದರೆ ಸಾಕು. ಪರ್ಮಿಟ್ಟು, ಲಾರಿ ಯಾವುದೂ ಇಲ್ಲದೆ ಗಣಿಗಳೆಲ್ಲ ಬಳ್ಳಾರಿಗೆ ವಾಪಸು.