ಅಡಿಕೆ ಆಮದು ವಿಷಯಕ ಅಭ್ಯರ್ಥಿ-ನಿಲುವು ಮೀಮಾಂಸೆ

ಅಡಿಕೆ ಆಮದಿನ ಕುರಿತು ಮಲೆನಾಡಿನ ವಿಧಾನಸಭಾ ಅಭ್ಯರ್ಥಿ ಪ್ರಚಾರಕಾಲದಲ್ಲಿ ತಳೆಯುವ ವಾಣಿಜ್ಯ-ತಾತ್ತ್ವಿಕ ಭಂಗಿಗೆ ‘ನಿಲುವು’ ಎಂದು ಹೆಸರು. ಚುನಾವಣೆಗೆ ನಿಂತಿರುವಷ್ಟು ದಿನ ಮಾತ್ರ ಇರುವುದರಿಂದ ನಿಲುವು ಎಂದು ವ್ಯುತ್ಪತ್ತಿ. ಇದರ ಸಾಪೇಕ್ಷ-ಮೌಲ್ಯ-ನಿಷ್ಕರ್ಷೆಗೆ ಶಿವಮೊಗ್ಗ ಮಂಡಿಯ ಚತುರ್ವಿಧ ವರ್ಗೀಕರಣವೇ ಪ್ರಮಾಣ: ಸರಕು, ಬೆಟ್ಟೆ, ರಾಶಿ, ಗೊರಬಲು.

ಸರಕು ನಿಲುವು ಎಳೆಯದು, ತುಟ್ಟಿಯದು: ಆಮದನ್ನು ಪೂರ್ತಿ ನಿಲ್ಲಿಸಲಾಗುವುದು. ಆಮದು ನೀತಿ ಕೇಂದ್ರದ ಕೈಯಲ್ಲಿದೆ, ಶಾಸಕನಿಗೆ ಅದರಲ್ಲಿ ಚಿಕ್ಕಾಸಿನ ಅಧಿಕಾರವಿಲ್ಲ. ಆದ್ದರಿಂದಲೇ ಇದು ಎಲ್ಲಕ್ಕಿಂತ ನಿರ್ಭೀತ ನಿಲುವು.

ಬೆಟ್ಟೆ ನಿಲುವು ಅಂಕಿಗಳಿಂದ ಗಟ್ಟಿಯಾದದ್ದು. ಕನಿಷ್ಠ ಆಮದು ಬೆಲೆ 2017ರಲ್ಲಿ ಕಿಲೋಗೆ 251 ರೂಪಾಯಿ ಇತ್ತು. 2023ರ ಫೆಬ್ರುವರಿಯಲ್ಲಿ 351 ಆಯಿತು. ಈ ನೂರು ರೂಪಾಯಿಯನ್ನು ಕೇಂದ್ರದಲ್ಲಿ ಆಳುವ ಪಕ್ಷದ ಅಭ್ಯರ್ಥಿ ಬೇಲಿ ಎನ್ನುತ್ತಾನೆ. ಎದುರಾಳಿ ಆ ಬೇಲಿಯ ಉಣುಗೋಲು ತೋರಿಸುತ್ತಾನೆ: 2022ರಲ್ಲಿ ಭೂತಾನದ 17,000 ಟನ್ ಹಸಿ ಅಡಿಕೆಗೆ ಈ ಬೆಲೆಯ ಕಟ್ಟುಪಾಡಿಲ್ಲದೆ ಅನುಮತಿ ಸಿಕ್ಕಿತ್ತು. ಇಬ್ಬರ ಮಾತೂ ನಿಜ. ಬೇಲಿ ಕಟ್ಟಿದವನೂ ಉಣುಗೋಲು ಸರಿಸಿದವನೂ ಇವರಿಬ್ಬರಲ್ಲಿಲ್ಲ, ಅಷ್ಟೆ. ಮ್ಯಾನ್ಮಾರ್ ಗಡಿಯಿಂದ ಕಳ್ಳದಾರಿಯಲ್ಲಿ ಬರುವ ಅಡಿಕೆಯಂತೂ ಯಾವ ಬೆಲೆಪಟ್ಟಿಯನ್ನೂ ಓದಿಕೊಂಡು ಬರುವುದಿಲ್ಲ.

ರಾಶಿ ನಿಲುವೆಂದರೆ ಹೋದ ಚುನಾವಣೆಯದ್ದನ್ನೇ ಮತ್ತೆ ಚೊಗರಿಗೆ ಹಾಕಿ ಬಣ್ಣ ಬರಿಸಿದ್ದು. ಮತ ಎಣಿಕೆಯ ಮರುದಿನ ಮೂರೂ ಕಳಪೆ ದರ್ಜೆಯ ಗೊರಬಲೇ ಆಗುವುದರಿಂದ ನಾಲ್ಕನೆಯ ವರ್ಗಕ್ಕೆ ಪ್ರತ್ಯೇಕ ಲಕ್ಷಣ ಹೇಳಬೇಕಾಗಿಲ್ಲ, ವರ್ಗೀಕರಣವೇ ಬೇಕಿರಲಿಲ್ಲ.

ತೋಟಗಾರಿಕೆ ರಾಜ್ಯದ ವಿಷಯ, ಅಂದರೆ ಶಾಸಕನ ಕೈಗೆ ಎಟುಕುವಂಥದ್ದು. ಅದರ ಮೇಲೆ ನಿಲುವು ಹುಡುಕಹೊರಟ ಮೀಮಾಂಸಕನ ಕೋಷ್ಟಕ ಬಿಳಿಯಾಗಿಯೇ ಉಳಿಯುತ್ತದೆ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗಕ್ಕೆ ದಶಕಗಳು ಕಳೆದರೂ ಮದ್ದಿಲ್ಲ. ಅದು ತಿಂದು ಬಿಟ್ಟದ್ದನ್ನು ಎಲೆಚುಕ್ಕೆ ತಿನ್ನುತ್ತಿದೆ. ಮಾರಲು ಅಡಿಕೆಯೇ ಇಲ್ಲದವನಿಗೆ 351 ಆದರೇನು, 251 ಆದರೇನು? ಆಷಾಢದ ಮಳೆ ಬಿಟ್ಟ ಒಂದು ಗಳಿಗೆಯಲ್ಲಿ ಪಾಚಿಗಟ್ಟಿದ ಮರ ಹತ್ತಿ, ಮೈಲುತುತ್ತ-ಸುಣ್ಣದ ಮದ್ದನ್ನು ಅಡಿಕೆ ಕೊನೆಗೆ ಹೊಡೆಯುವ ಕೊನೆಗೌಡ ಜಾರಿದರೆ ಅವನ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ವೇದಿಕೆಯ ಮೇಲೆ ಭೂತಾನದ ಹೆಸರು ಹತ್ತು ಸಲ ಬರುತ್ತದೆ. ಅವನದ್ದು ಒಮ್ಮೆಯೂ ಇಲ್ಲ. ತಲೆ ಕಳಚಿ ಬೋಳು ಕಂಬಗಳಾಗಿ ನಿಂತ ಮರಗಳ ಪಕ್ಕದ ರಸ್ತೆಯಲ್ಲಿ ಪ್ರಚಾರದ ಜೀಪು ಆಮದು, ಆಮದು ಎಂದು ಕೂಗುತ್ತ ಘಟ್ಟ ಇಳಿಯುತ್ತದೆ.